ಒಂದು ಪೌಂಡಿಗೆ ಹೋದ ಊರ ತಂಡ

2019ರ ಆಗಸ್ಟ್ 27, ಮಂಗಳವಾರ. ಬೆಳಗ್ಗೆ ಒಂದು ಬಕೆಟ್, ಎರಡು ಹಳೇ ಬನಿಯನ್ ಹಿಡಿದುಕೊಂಡು, ನಾನಿರುವ ಇಂಗ್ಲೆಂಡಿನ ಬೆರಿ ಊರಿನ ಫುಟ್‌ಬಾಲ್ ತಂಡದ ಗಿಗ್ ಲೇನ್ ಮೈದಾನಕ್ಕೆ ಹೋದೆ. ಪಕ್ಕದ ಮನೆಯ ಅಜ್ಜ ಹಿಂದಿನ ದಿನ ಕಾಂಪೌಂಡಿನ ಆಚೆ ನಿಂತು ಹೇಳಿದ್ದರು: ಶನಿವಾರ ಆಟ ನಡೆದರೂ ನಡೆಯಬಹುದು, ಕುರ್ಚಿ ಒರೆಸೋಕೆ ಜನ ಬೇಕಂತೆ.

ಹೋಗಿ ನೋಡಿದರೆ ನೂರಾರು ಜನ. ಪೊರಕೆ, ಸಲಿಕೆ, ಸೋಪಿನ ನೀರು. ಒಬ್ಬ ಹೆಂಗಸು ಅಡುಗೆಮನೆಯ ಚಾಕುವಿನಿಂದ ಮೆಟ್ಟಿಲ ಸಂದಿಯ ಕಳೆ ಕೀಳುತ್ತಿದ್ದರು. ಕುರ್ಚಿಗಳ ಮೇಲೆ ಪಾರಿವಾಳದ ಹಿಕ್ಕೆ ಒಣಗಿ ಗಟ್ಟಿಯಾಗಿತ್ತು. ಉಜ್ಜಿದಷ್ಟೂ ಕೆಳಗಿನ ನೀಲಿ ಬಣ್ಣ ಎದ್ದು ಬರುತ್ತಿತ್ತು. ಯಾರೂ ಜಾಸ್ತಿ ಮಾತಾಡುತ್ತಿರಲಿಲ್ಲ. ಸಂಜೆ ಐದಕ್ಕೆ ಲೀಗ್ ಕೊಟ್ಟ ಗಡುವು. ಅಷ್ಟರೊಳಗೆ ತಂಡ ಕೊಳ್ಳುವವರು ಗಟ್ಟಿಯಾದರೆ ಸಾಕು, ಉಳಿದದ್ದು ಆಮೇಲೆ ನೋಡೋಣ ಅಂತ ಎಲ್ಲರ ಮನಸ್ಸಿನಲ್ಲಿತ್ತು. ಅಜ್ಜ ಇಡೀ ಸಾಲು ಒರೆಸಿ, ತಾವು ಐವತ್ತು ವರ್ಷದಿಂದ ಕೂರುವ ಜಾಗವನ್ನು ಕೊನೆಗೆ ಒರೆಸಿದರು. ಆಮೇಲೆ ಅಲ್ಲೇ ಸ್ವಲ್ಪ ಹೊತ್ತು ಕೂತರು.

ರಾತ್ರಿ ಸುದ್ದಿ ಬಂತು. ಕೊಳ್ಳಲು ಬಂದವರು ಹಿಂದೆ ಸರಿದಿದ್ದರು. ಬೆರಿ ಫುಟ್‌ಬಾಲ್ ಕ್ಲಬ್ಬನ್ನು ಲೀಗ್‌ನಿಂದ ಹೊರಗೆ ಹಾಕಿದ್ದರು.

ಬೆರಿ ಅಂದರೆ ಮ್ಯಾಂಚೆಸ್ಟರ್‌ನಿಂದ ಟ್ರಾಮ್‌ನಲ್ಲಿ ಅರ್ಧ ಗಂಟೆ. ಹಿಂದೆ ಹತ್ತಿ ಗಿರಣಿ, ಕಾಗದದ ಕಾರ್ಖಾನೆಗಳ ಊರು. ಈಗ ಸಂತೆಗೆ ಹೆಸರು. ಇಂಗ್ಲೆಂಡಿನ ಚಿಕ್ಕ ಊರುಗಳಲ್ಲಿ ಇದೂ ಒಂದು, ಅದರ ತಂಡವೂ ಚಿಕ್ಕದೇ. ಆದರೆ ಅದರ ಲೆಕ್ಕದ ಪುಸ್ತಕ ತೆಗೆದು ನೋಡಿ. ಹುಟ್ಟಿದ್ದು 1885ರಲ್ಲಿ. ಅಂದಿನಿಂದಲೂ ಇದೇ ಗಿಗ್ ಲೇನ್ ಮೈದಾನ. 1894ರಲ್ಲಿ ಫುಟ್‌ಬಾಲ್ ಲೀಗ್ ಸೇರಿತು, ಮರುವರ್ಷವೇ ಮೊದಲ ಡಿವಿಷನ್‌ಗೆ, ಅಂದರೆ ಎಲ್ಲಕ್ಕಿಂತ ಮೇಲಿನ ಹಂತಕ್ಕೆ ಏರಿತು. 1900ರ ಎಫ್‌ಎ ಕಪ್ ಫೈನಲ್‌ನಲ್ಲಿ ಸೌತಾಂಪ್ಟನ್ ಮೇಲೆ 4-0. 1903ರಲ್ಲಿ ಡರ್ಬಿ ಕೌಂಟಿ ಮೇಲೆ 6-0. ಆ ವರ್ಷದ ಕಪ್‌ನಲ್ಲಿ ಮೊದಲ ಸುತ್ತಿನಿಂದ ಕೊನೆಯವರೆಗೂ ಎದುರಾಳಿಗೆ ಒಂದೇ ಒಂದು ಗೋಲು ಬಿಟ್ಟುಕೊಡಲಿಲ್ಲ. ಫೈನಲ್‌ನಲ್ಲಿ ಆರು ಗೋಲುಗಳ ಅಂತರವನ್ನು ಆಮೇಲೆ ಸರಿಗಟ್ಟಿದ್ದು ಮ್ಯಾಂಚೆಸ್ಟರ್ ಸಿಟಿ ಒಂದೇ, ಅದೂ 2019ರಲ್ಲಿ. ದಾಖಲೆ ಸರಿಗಟ್ಟಿದ ಅದೇ ವರ್ಷ ದಾಖಲೆ ಮಾಡಿದ ತಂಡ ಬೀದಿಗೆ ಬಂತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

1929ರ ನಂತರ ಬೆರಿ ಮತ್ತೆ ಮೊದಲ ಡಿವಿಷನ್ ಕಾಣಲಿಲ್ಲ. ಏರೋದು, ಇಳಿಯೋದು, ಸಾಲ ಮಾಡೋದು. 2002ರಲ್ಲಿ ಮುಳುಗುವ ಹಂತಕ್ಕೆ ಬಂದಾಗ ಜನ ದುಡ್ಡು ಕೂಡಿಸಿ ಉಳಿಸಿದರು. ಆದರೂ ನಾಲ್ಕು ಡಿವಿಷನ್‌ಗಳಲ್ಲಿ ಎಲ್ಲೋ ಒಂದು ಕಡೆ, 125 ವರ್ಷ, ಲೀಗ್ ಬಿಟ್ಟಿರಲಿಲ್ಲ.

ಹಾಗಾದರೆ ಬಿದ್ದದ್ದು ಹೇಗೆ? ಆಟದಲ್ಲಿ ಸೋತು ಬಿದ್ದದ್ದಲ್ಲ. 2019ರ ಏಪ್ರಿಲ್‌ನಲ್ಲಿ ಹುಡುಗರು ಸಂಬಳವಿಲ್ಲದೆ ಆಡಿ ಮೂರನೇ ಹಂತಕ್ಕೆ ಏರಿಸಿದ್ದರು. ಇಲ್ಲಿ ಕ್ಲಬ್ ಅಂದರೆ ಕಾನೂನಿನ ಕಣ್ಣಿಗೆ ಒಂದು ಕಂಪನಿ. ಷೇರು ಯಾರ ಕೈಲಿದೆಯೋ ಅವರೇ ಯಜಮಾನರು. ದುಡ್ಡಿರುವ ಒಬ್ಬರು ಬಂದು, ತಂಡದ ಆದಾಯ ಮೀರಿ ಆಟಗಾರರನ್ನು ತರುತ್ತಾರೆ. ಮೈದಾನವನ್ನೇ ಅಡವಿಟ್ಟು ಸಾಲ ಎತ್ತುತ್ತಾರೆ. ಅವರ ಸ್ವಂತ ವ್ಯಾಪಾರ ಕೆಟ್ಟ ದಿನ ತಂಡದ ಕೊರಳಿಗೂ ಹಗ್ಗ ಬೀಳುತ್ತದೆ. 2018ರ ಡಿಸೆಂಬರ್‌ನಲ್ಲಿ ಈ ತಂಡ ಒಂದು ಪೌಂಡಿಗೆ ಕೈ ಬದಲಾಯಿಸಿತು. ಒಂದೇ ಪೌಂಡು. ಆಗ ಸಂತೆಯಲ್ಲಿ ಅದಕ್ಕೆ ಒಂದು ಕಪ್ ಚಹಾ ಬರುತ್ತಿತ್ತು. ಮುಂದಿನ ಎಂಟು ತಿಂಗಳಲ್ಲಿ ಎಲ್ಲ ಮುಗಿಯಿತು.

ಆ ವಾರ ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪನಿಗೆ ಹೇಳಿದೆ. ನಮ್ಮದು ಗದಗ ಹತ್ತಿರದ ಹಳ್ಳಿ. ದೊಡ್ಡಪ್ಪ ಫುಟ್‌ಬಾಲ್ ನೋಡಿದವರಲ್ಲ. ಊರ ಸೊಸೈಟಿಯಲ್ಲಿ ಇಪ್ಪತ್ತು ವರ್ಷ ಓಡಾಡಿದವರು. ಪೂರ್ತಿ ಕೇಳಿಸಿಕೊಂಡು, "ಅಲ್ಲೋ ತಮ್ಮಾ, ಊರಿನ ತಂಡಾನ ಒಬ್ಬಾವನ ಹೆಸರಿಗೆ ಹ್ಯಾಂಗ ಬರಕೊಟ್ರು? ನಾಳೆ ನಮ್ಮ ತೇರ ಯಾರರ ಹೆಸರಿಗೆ ಮಾಡಿ ಕೊಡ್ತೀವೇನು?" ಅಂದರು.

ನನ್ನ ಬಳಿ ಉತ್ತರ ಇರಲಿಲ್ಲ. ನಮ್ಮೂರ ತೇರು ಯಾರದು ಎಂದು ಯಾರೂ ಕೇಳುವುದಿಲ್ಲ. ಜಾತ್ರೆಗೆ ಮೊದಲು ಮನೆಮನೆಗೆ ಪಟ್ಟಿ ಎತ್ತುತ್ತಾರೆ. ಗಾಲಿ ನೋಡಿಕೊಳ್ಳೋದು ಬಡಿಗೇರ ಮನೆಯವರು. ಗಾಲಿಗೆ ಸನ್ನೆ ಹಾಕುವವರು ಬೇರೆ. ಕಳಸ ಪಕ್ಕದ ಊರಿಂದ ಬರಬೇಕು, ಅವರು ತರದೇ ತೇರು ಕದಲುವ ಹಾಗಿಲ್ಲ. ಹೆಚ್ಚು ಪಟ್ಟಿ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಒಂದು ಸಲ ಜಾಸ್ತಿ ಕೂಗುತ್ತಾರೆ, ಅಷ್ಟೇ. ತೇರಿನ ಒಂದು ಮೊಳೆಯೂ ಅವರದಾಗುವುದಿಲ್ಲ. ಇಷ್ಟು ಸಣ್ಣ ತಿಳಿವಳಿಕೆ ಇಷ್ಟು ದೊಡ್ಡ ದೇಶಕ್ಕೆ ಹೇಗೆ ಹೊಳೆಯಲಿಲ್ಲ ಅಂತ ಅವತ್ತು ಅನಿಸಿತು.

ಆಮೇಲೆ ಅರ್ಥವಾಯಿತು, ಹೊಳೆದಿತ್ತು. ಅದೂ ಪಕ್ಕದ ಊರಿನಲ್ಲೇ. ಬೆರಿಯಿಂದ ಹತ್ತು ಕಿಲೋಮೀಟರ್ ದೂರದ ರಾಚ್‌ಡೇಲ್‌ನಲ್ಲಿ 1844ರಲ್ಲಿ ನೇಕಾರರು, ಕೂಲಿಗಳು ಸೇರಿ 28 ಜನ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಮೇಣದಬತ್ತಿ. ಎಲ್ಲರೂ ಪಾಲುದಾರರು, ಒಬ್ಬರಿಗೆ ಒಂದೇ ಮತ. ಟೋಡ್ ಲೇನ್ ಎಂಬ ಬೀದಿಯ ಆ ಪುಟ್ಟ ಕಟ್ಟಡ ಈಗ ಮ್ಯೂಸಿಯಂ. ಮೊದಲ ಸಲ ಹೋದಾಗ ನನಗೆ ಕಣಗಿನಹಾಳ ನೆನಪಾಯಿತು. ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಕೃಷಿ ಸಹಕಾರ ಸಂಘ ಏಷ್ಯಾದಲ್ಲೇ ಮೊದಲನೆಯದು ಎಂದು ಹೆಸರಾದದ್ದು. ಶಾಲೆಯಲ್ಲಿ ಓದಿದ್ದೆವು. ರಾಚ್‌ಡೇಲ್‌ನಲ್ಲಿ ಹೊತ್ತಿದ ದೀಪದ ಬೆಳಕು ನಮ್ಮ ಜಿಲ್ಲೆಗೆ ಬಂದಿತ್ತು. ಆದರೆ ಬೆರಿಯ ಮೈದಾನಕ್ಕೆ ಅದು ತಲುಪಲು ತಂಡವೇ ಮುಳುಗಬೇಕಾಯಿತು.

ತಲುಪಿತು ಅನ್ನುವುದೇ ಖುಷಿ. ಅಭಿಮಾನಿಗಳು ಸೇರಿ ಸಂಘ ಕಟ್ಟಿ, ಬೆರಿ ಎಎಫ್‌ಸಿ ಅಂತ ಹೊಸ ತಂಡ ಮಾಡಿದರು. 2020ರಲ್ಲಿ ಹತ್ತನೇ ಹಂತದಿಂದ ಶುರು. ಮೂರನೇ ಹಂತದಲ್ಲಿ ಇರಬೇಕಾದವರು ಹತ್ತನೇ ಹಂತದಲ್ಲಿ, ಅದೂ ಪಕ್ಕದ ರಾಡ್‌ಕ್ಲಿಫ್ ತಂಡದ ಮೈದಾನದಲ್ಲಿ ಆಡಿದರು. ಇತ್ತ ಇನ್ನೊಂದು ಗುಂಪು ಗಿಗ್ ಲೇನ್ ಕೊಳ್ಳಲು ಓಡಾಡಿತು. 2022ರ ಫೆಬ್ರವರಿಯಲ್ಲಿ ಮೈದಾನವೂ ಹಳೇ ಹೆಸರೂ ಅವರ ಕೈಗೆ ಬಂದವು. ಸರ್ಕಾರ ತನ್ನ ನಿಧಿಯಿಂದ 10 ಲಕ್ಷ ಪೌಂಡ್ ಕೊಟ್ಟಿತ್ತು.

ಈಗ ಎಲ್ಲ ಸರಿ ಹೋಯಿತು ಅಂದುಕೊಂಡಿರಾ? ಒಂದೇ ಊರಿನಲ್ಲಿ ಎರಡು ಬಣ. ಒಬ್ಬರ ಬಳಿ ತಂಡ, ಇನ್ನೊಬ್ಬರ ಬಳಿ ಮೈದಾನ. 2022ರ ಮತದಾನದಲ್ಲಿ ಒಂದಾಗಲು ಬೇಕಾದಷ್ಟು ಮತ ಬೀಳಲಿಲ್ಲ. ಒಂದೇ ಬೀದಿಯ ಗೆಳೆಯರು ಮಾತು ಬಿಟ್ಟರು. ಪಕ್ಕದ ಮನೆಯ ಅಜ್ಜನೂ ಅವರ ತಮ್ಮನೂ ಆ ಕ್ರಿಸ್‌ಮಸ್‌ಗೆ ಒಟ್ಟಿಗೆ ಊಟ ಮಾಡಲಿಲ್ಲ. ಸೊಸೈಟಿ ಚುನಾವಣೆ ಕಂಡ ನಮಗೆ ಇದು ಹೊಸದಲ್ಲ. 2023ರ ಮೇನಲ್ಲಿ ಮತ್ತೆ ಮತ ಹಾಕಿದರು, ಒಂದಾದರು. ಆ ವರ್ಷದ ಸೀಸನ್‌ಗೆ ಬೆರಿ ಎಫ್‌ಸಿ ಎಂಬ ಹಳೇ ಹೆಸರಿನಲ್ಲೇ ಗಿಗ್ ಲೇನ್‌ನಲ್ಲಿ ಚೆಂಡು ಉರುಳಿತು. 2025ರಲ್ಲಿ ತಮ್ಮ ಲೀಗಿನ ಚಾಂಪಿಯನ್ ಆಗಿ ಎಂಟನೇ ಹಂತಕ್ಕೆ ಏರಿದರು.

ಒಂಬತ್ತನೇ ಹಂತದ ಆಟಕ್ಕೆ ಸಾವಿರಗಟ್ಟಲೆ ಜನ ಬರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎದುರಾಳಿ ತಂಡದ ಹುಡುಗರು ವಾರವಿಡೀ ಪ್ಲಂಬಿಂಗ್ ಕೆಲಸ, ಡ್ರೈವರ್ ಕೆಲಸ ಮಾಡಿ ಬಂದವರು. ಇಷ್ಟು ಜನರನ್ನು ಕಂಡು ಗಾಬರಿಯಾಗಿ ಸುತ್ತ ನೋಡುತ್ತಾರೆ. ಕಿರಿದಾದ ಗೇಟಿನ ಕಬ್ಬಿಣದ ತಿರುಗಣೆ ಸೊಂಟಕ್ಕೆ ತಾಗಿ ಕಟಕಟ ಅನ್ನುತ್ತದೆ. ಟೀ, ಬಿಸಿ ಪೈ, ಮೇಲೆ ಮೋಡ, ಆಗಾಗ ಮಳೆ. ನನ್ನ ಮುಂದಿನ ಸಾಲಿನ ಏಳೆಂಟು ವರ್ಷದ ಹುಡುಗನೊಬ್ಬ ಒಂದು ಸಲ ನನ್ನ ಕಡೆ ತಿರುಗಿ, "1903ರಲ್ಲಿ ನಾವು ಆರು ಹೊಡೆದಿದ್ದೆವು, ಗೊತ್ತಾ?" ಎಂದು ಕೇಳಿದ. ನಾವು ಅಂದ. ಅವನ ಮುತ್ತಜ್ಜನೂ ಆಗ ಹುಟ್ಟಿರಲಿಕ್ಕಿಲ್ಲ.

ಹಳೇ ಗೆಲುವನ್ನು ನೆನಪಿಡುವ ವಿಷಯದಲ್ಲಿ ಮಾತ್ರ ನಾವು ಇವರ ಮುಂದೆ ತಲೆ ತಗ್ಗಿಸಬೇಕು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮ ತಂಡ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಸೈನ್ಯದ ತಂಡಗಳೇ ಆಳುತ್ತಿದ್ದ ಕಪ್ ಅದು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮದು. ಮರುವರ್ಷವೂ ಅವರೇ ಗೆದ್ದರು. ಬೆಂಗಳೂರಿನಲ್ಲಿ ಹತ್ತು ವರ್ಷ ಕೆಲಸ ಮಾಡಿದ ನನಗೆ ಇದು ಗೊತ್ತಾದದ್ದು ಬೆರಿಗೆ ಬಂದ ಮೇಲೆ! ಮೈಸೂರು ರಾಜ್ಯ, ರಾಜ್ಯ ತಂಡಗಳ ನಡುವಿನ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಗೆದ್ದ ಕಥೆ ಎಷ್ಟು ಮನೆಯಲ್ಲಿ ಹೇಳುತ್ತಾರೆ? 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕದ ಹುಡುಗರು ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಆ ಟ್ರೋಫಿ ತಂದರು. ನನ್ನ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವತ್ತು ಇಡೀ ದಿನ ಕ್ರಿಕೆಟ್ಟೇ ಇತ್ತು. ಬೇಜಾರಾಯಿತು.

ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಫುಟ್‌ಬಾಲ್ ಉಸಿರಾಡುತ್ತಿದ್ದ ಕಾಲದಲ್ಲಿ ಬೆಂಗಳೂರಿನ ದೊಡ್ಡ ತಂಡಗಳನ್ನು ಸಾಕಿದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು. ಆಟಗಾರರಿಗೆ ಕೆಲಸ, ಸಂಬಳ ಕೊಟ್ಟವು. ಅದು ಸಣ್ಣ ಉಪಕಾರವಲ್ಲ. ಆದರೆ ಆ ತಂಡಗಳ ಬಾಳು ಕಾರ್ಖಾನೆಯ ಬಾಳಿಗೆ ಕಟ್ಟಿಬಿದ್ದಿತ್ತು. ಈಗಿನ ಬೆಂಗಳೂರು ಎಫ್‌ಸಿ ಕೂಡ ಒಂದು ದೊಡ್ಡ ಕಂಪನಿಯದು. 2013ರಲ್ಲಿ ಶುರುವಾಗಿ ಚೆನ್ನಾಗಿ ಬೆಳೆದಿದೆ, ಕಂಠೀರವದ ಪಶ್ಚಿಮ ಬ್ಲಾಕ್‌ನಲ್ಲಿ ಕನ್ನಡ ಹಾಡು ಕೇಳಿ ನನ್ನ ಎದೆ ತುಂಬಿದೆ. ಆ ಹಾಡುವ ಹುಡುಗ ಹುಡುಗಿಯರಿಗೆ ತಂಡದಲ್ಲಿ ಒಂದು ಪಾಲು, ಸಭೆಯಲ್ಲಿ ಒಂದು ಮತ ಇರಬೇಕಿತ್ತು ಅಂತ ನನ್ನ ಆಸೆ. ತೇರು ಎಳೆಯಲು ಬರುವ ಜನ, ಹಾಲಿನ ಡೇರಿ ನಡೆಸುವ ಜನ ನಾವು. ನಮಗೆ ಇದು ಬರದ ವಿದ್ಯೆಯೇನಲ್ಲ.

ಇಲ್ಲಿನ ಸರ್ಕಾರವೂ ಎಚ್ಚೆತ್ತಿದೆ. ಫುಟ್‌ಬಾಲ್ ಆಡಳಿತಕ್ಕೆ 2025ರಲ್ಲಿ ಕಾನೂನು ಬಂತು, ಸ್ವತಂತ್ರ ನಿಯಂತ್ರಕರು ಬಂದರು. ಕ್ಲಬ್‌ಗೆ ಲೈಸೆನ್ಸ್ ಬೇಕು. ಕೇಳದೆ ಮೈದಾನ ಮಾರುವಂತಿಲ್ಲ. ಕಾನೂನು ಬರಲು ಬೆರಿಯ ಕಥೆಯೂ ಒಂದು ಕಾರಣ. ಆದರೆ ಅದು ಅನ್ವಯವಾಗುವುದು ಮೇಲಿನ ಐದು ಹಂತಗಳಿಗೆ. ಅದಕ್ಕಿಂತ ಕೆಳಗಿರುವ ಬೆರಿ ಇನ್ನೂ ಅದರ ನೆರಳಿಗೆ ಬಂದಿಲ್ಲ. ಅದಕ್ಕೆ ಸದ್ಯ ತನ್ನ ಸದಸ್ಯರೇ ಕಾವಲು.

ಆ ಸದಸ್ಯರಲ್ಲಿ ನಾನೂ ಒಬ್ಬ. ಸದಸ್ಯತ್ವದ ಚೀಟಿಯ ಫೋಟೋ ಕಳಿಸಿದಾಗ ದೊಡ್ಡಪ್ಪ ಕೂಡಲೇ ಫೋನ್ ಮಾಡಿದರು. "ಚಲೋ ಮಾಡಿದಿ. ವರ್ಷದ ಸಭೆ ತಪ್ಪಿಸಬ್ಯಾಡ. ಚಾ ಕುಡದು ಎದ್ದ ಬರಬ್ಯಾಡ ಮತ್ತ, ಲೆಕ್ಕಾ ಕೇಳು."

ಹೋದೆ. ಅಜ್ಜನೂ ಬಂದಿದ್ದರು, ಅವರ ತಮ್ಮನೂ ಪಕ್ಕದಲ್ಲೇ ಕೂತಿದ್ದರು. ಲೆಕ್ಕದ ಹಾಳೆಗಳನ್ನು ಎಲ್ಲರಿಗೂ ಹಂಚಿದರು. ಎರಡನೇ ಪುಟದಲ್ಲಿ ಮೈದಾನದ ನಿರ್ವಹಣೆ ಅಂತ ಒಂದೇ ಸಾಲು, ಮುಂದೆ ದೊಡ್ಡ ಮೊತ್ತ. ಹುಲ್ಲಿಗೆಷ್ಟು, ದೀಪಕ್ಕೆಷ್ಟು ಅಂತ ಬಿಡಿಸಿ ಬರೆದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಆಮೇಲೆ ಕೈ ಎತ್ತಿದೆ.