"ದೇವರ ರಹಸ್ಯ, ಕೇಳಬೇಡಿ" ಅನ್ನುವವರು ಮೊದಲು ದಾನಿಯೇಲ 2ನೇ ಅಧ್ಯಾಯ ಓದಲಿ

ವಾಟ್ಸಾಪ್‌ನಲ್ಲಿ ಬಂದ ಚರ್ಚಿನ ಒಂದು ಪ್ರಸಂಗದ (ಉಪದೇಶದ) ವಿಡಿಯೊ ನೋಡಿ ಇನ್ನೂ ಸಿಟ್ಟು ಇಳಿದಿಲ್ಲ. ಯಾರೋ ಒಬ್ಬ ಹುಡುಗಿ ಎದ್ದು ನಿಂತು ನೇರವಾಗಿ ಒಂದು ಪ್ರಶ್ನೆ ಕೇಳಿದಳು. ವೇದಿಕೆ ಮೇಲಿದ್ದವರು ಬೈಬಲಿನ ದಾನಿಯೇಲನ ಪುಸ್ತಕ ತೋರಿಸಿ, "ಇದೆಲ್ಲ ದೇವರ ರಹಸ್ಯ, ನಮಗೆ ತಿಳಿಯುವಂಥದ್ದಲ್ಲ, ನಂಬಿ ಸುಮ್ಮನಿರಬೇಕು" ಅಂದು ಅವಳನ್ನು ಕೂರಿಸಿದರು. ಆ ಮಾತಿಗೆ ದಾನಿಯೇಲನನ್ನು ಸಾಕ್ಷಿಗೆ ಕರೆದದ್ದೇ ನನಗೆ ಸಹಿಸಲಾಗದ್ದು.

ಆ ಅಧ್ಯಾಯದ ಕಥೆ ಇಷ್ಟು: ಬಾಬೆಲಿನ ರಾಜ ನೆಬೂಕದ್ನೆಚ್ಚರ ತಾನು ಕಂಡ ಕನಸನ್ನೂ ಅದರ ಅರ್ಥವನ್ನೂ ಹೇಳಿ ಎಂದು ತನ್ನ ಪಂಡಿತರನ್ನು ಕೇಳುತ್ತಾನೆ; ಅವರ ಕೈಲಾಗುವುದಿಲ್ಲ, ದಾನಿಯೇಲ ಹೇಳುತ್ತಾನೆ. ಅಲ್ಲಿ ನಾವು ರಹಸ್ಯ ಎಂದು ಓದುವ ಕಡೆ ಮೂಲದಲ್ಲಿರುವ ಪದ ರಾಝ್. ದಾನಿಯೇಲ 2ನೇ ಅಧ್ಯಾಯ 4ನೇ ವಚನದ ನಡುವೆ ಹೀಬ್ರೂ ನಿಂತು ಅರಾಮಿಕ್ ಶುರುವಾಗುತ್ತದೆ, 7ನೇ ಅಧ್ಯಾಯದ ಕೊನೆವರೆಗೂ ಅದೇ. ಈ ಪದ ಅರಾಮಿಕ್‌ಗೆ ಬಂದದ್ದು ಇರಾನಿನ ಕಡೆಯಿಂದ. ಇಂದಿನ ಪಾರ್ಸಿ (ಪರ್ಷಿಯನ್) ಭಾಷೆಯಲ್ಲೂ, ನಮ್ಮ ಬೀದರ್ ಕಲಬುರಗಿಯ ಉರ್ದುವಿನಲ್ಲೂ ಗುಟ್ಟಿಗೆ ಅದೇ ರಾಝ್. ದಾನಿಯೇಲನಲ್ಲಿ ಒಟ್ಟು 9 ಸಲ ಇದೆ: 2ನೇ ಅಧ್ಯಾಯದಲ್ಲಿ 8, 4ನೇ ಅಧ್ಯಾಯದ 9ನೇ ವಚನದಲ್ಲಿ 1 (ಹೀಬ್ರೂ ಮುದ್ರಣಗಳಲ್ಲಿ ಅದು 6ನೇ ವಚನ).

ಆ 9 ಕಡೆಗೂ ಪೆನ್ಸಿಲ್ ಗುರುತು ಹಾಕಿ, ಪಕ್ಕದ ಕ್ರಿಯಾಪದ ನೋಡಿ. 2ನೇ ಅಧ್ಯಾಯದ 19, 28, 29, 30, 47ನೇ ವಚನಗಳಲ್ಲಿ ರಾಝ್ ಜೊತೆಗೆ ನಿಂತಿರುವುದು ಗೆಲಾ, ಅಂದರೆ ಹೊರಗೆಡಹು, ತೆರೆದು ತೋರಿಸು. 28ರಲ್ಲಿ ಪರಲೋಕದ ದೇವರಿಗೆ ಸಿಗುವ ಬಿರುದೇ ಗಾಲೇ ರಾಝೀನ್, ಗುಟ್ಟುಗಳನ್ನು ಬಯಲು ಮಾಡುವವನು. 47ರಲ್ಲಿ ನೆಬೂಕದ್ನೆಚ್ಚರನ ಬಾಯಲ್ಲೂ ಅದೇ ಬಿರುದು. ಮುಚ್ಚಿಟ್ಟುಕೊಳ್ಳುವವನು ಎಂದು ಅಲ್ಲಿ ಯಾರೂ ಅವನನ್ನು ಹೊಗಳಿಲ್ಲ.

ಹಾಗಾದರೆ ತಿಳಿಯಲು ಸಾಧ್ಯವೇ ಇಲ್ಲ ಎಂದವರು ಯಾರು? 10 ಮತ್ತು 11ನೇ ವಚನ ನೋಡಿ. ರಾಜನ ಆಸ್ಥಾನದ ಕಸ್ದೀಯ ಪಂಡಿತರು! ಇದನ್ನು ಹೇಳಬಲ್ಲ ಮನುಷ್ಯ ಭೂಮಿಯ ಮೇಲಿಲ್ಲ, ದೇವರುಗಳಿಗೆ ಮಾತ್ರ ಗೊತ್ತು, ಅವರು ನರರ ನಡುವೆ ವಾಸಿಸುವುದಿಲ್ಲ ಅಂದವರು ಅವರು. ಕಥೆಯಲ್ಲಿ ಸೋತವರ ವಾದವನ್ನೇ ಎತ್ತಿಕೊಂಡು ದಾನಿಯೇಲನ ಹೆಸರಿನಲ್ಲಿ ಸಾರುತ್ತಿದ್ದೇವೆ.

ರಾಜ ಕನಸು ಮರೆತಿದ್ದ ಎಂದು ಹೇಳುವವರೂ ಬಹಳ. 5ನೇ ವಚನದ ಅಝ್ದಾ ಎಂಬ ಪದವನ್ನು "ಹೋಯಿತು" ಎಂದು ಓದಿದ್ದರಿಂದ ಆದ ಎಡವಟ್ಟು ಅದು. 1611ರ ಇಂಗ್ಲಿಷ್ ಬೈಬಲ್ ಹಾಗೇ ಓದಿತು. ಅಝ್ದಾ ಕೂಡ ಹಳೆಯ ಪಾರ್ಸಿ ಪದವೇ, "ಖಚಿತ" ಎಂದರ್ಥ, ಸಂಸ್ಕೃತದ ಅದ್ಧಾಕ್ಕೆ ನೆಂಟ. ನನ್ನ ಮಾತು ಖಂಡಿತ ಎನ್ನುತ್ತಿದ್ದಾನೆ ರಾಜ. 9ನೇ ವಚನದಲ್ಲಿ ಕಾರಣವನ್ನೂ ಕೊಡುತ್ತಾನೆ: ಕನಸನ್ನೇ ಹೇಳಿ, ಆಗ ನಿಮ್ಮ ಅರ್ಥವನ್ನು ನಂಬುತ್ತೇನೆ. ಅದು ಪರೀಕ್ಷೆ. ದಾನಿಯೇಲ ಎರಡನ್ನೂ ಹೇಳಿದ. ಬಂಗಾರದ ತಲೆ, ಬೆಳ್ಳಿಯ ಎದೆ ತೋಳು, ತಾಮ್ರದ ಹೊಟ್ಟೆ ತೊಡೆ, ಕಬ್ಬಿಣದ ಕಾಲು, ಕಬ್ಬಿಣ ಜೇಡಿಮಣ್ಣು ಬೆರೆತ ಪಾದ, ಕೈಯಿಲ್ಲದೆ ಒಡೆದುಬಂದ ಕಲ್ಲು. ಆಮೇಲೆ ಇವುಗಳ ಅರ್ಥ. 31ರಿಂದ 45ರವರೆಗೆ ಬಿಡಿಸಿ ಬಿಡಿಸಿ ಹೇಳಿದ್ದನ್ನು ಯಾರು ಬೇಕಾದರೂ ಓದುವಂತೆ ಬರೆದಿಟ್ಟಿದೆ. ರಾಝ್ ಅಂದರೆ ಇಲ್ಲಿ ಮೇಲಿನ ಅರಮನೆಯಲ್ಲಿ ತೀರ್ಮಾನವಾಗಿ, ಸಮಯ ಬಂದಾಗ ಕೆಳಗಿನವರಿಗೆ ತಿಳಿಸುವ ಸಂಗತಿ.

ಧರ್ಮೋಪದೇಶಕಾಂಡ 29:29 ಇದೆಯಲ್ಲ, ಮರೆಯಾದವು ಕರ್ತನವು ಎಂದು ಅಲ್ಲಿ ಬರೆದಿದೆಯಲ್ಲ ಎಂದು ಕೆಲವರು ಕೇಳುತ್ತೀರಿ. ಇದೆ. ಆದರೆ ಅರ್ಧ ವಚನಕ್ಕೆ ನಿಲ್ಲಬೇಡಿ. ಪ್ರಕಟವಾದವು ನಮಗೂ ನಮ್ಮ ಮಕ್ಕಳಿಗೂ ಸೇರಿದವು ಎಂದು ಅದೇ ವಚನ ಮುಂದುವರಿಯುತ್ತದೆ. ದಾನಿಯೇಲ 12ರ 4ನೇ ವಚನದಲ್ಲಿ ಪುಸ್ತಕಕ್ಕೆ ಮುದ್ರೆ ಹಾಕು ಎಂದೂ 9ರಲ್ಲಿ ಮಾತುಗಳಿಗೆ ಮುದ್ರೆ ಬಿದ್ದಿದೆ ಎಂದೂ ಇದೆ, ನಿಜ. ಆ ಭಾಗ ಹೀಬ್ರೂ, ಅಲ್ಲಿ ರಾಝ್ ಇಲ್ಲ. ಆ ಎರಡು ಕಡೆಯ ಮಾತು ತಂದು ದಾನಿಯೇಲ 2ರ ಬಾಯಿ ಮುಚ್ಚಿಸುವುದು ಸರಿಯಲ್ಲ.

ಇನ್ನೊಂದು ಗುಂಪು ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಕೂಡಿಸುವ ಲೆಕ್ಕದವರದು. ರಾಝ್ ಪದದ ಅಕ್ಷರಗಳು: ರೇಶ್ 200, ಝಾಯಿನ್ 7, ಒಟ್ಟು 207. ಬೆಳಕು ಎಂಬ ಹೀಬ್ರೂ ಪದವೂ 207. ಅಲ್ಲಿಂದ ನೇರ ಇಂದಿನ ಯುದ್ಧಗಳ ತಾರೀಖಿಗೆ. ನನ್ನಲ್ಲಿ ಉಳಿದವರಿಗಿಂತ ಹೆಚ್ಚು ಜ್ಞಾನವಿದೆ ಎಂದು ಇದು ತಿಳಿದದ್ದಲ್ಲ ಎಂದು 30ರಲ್ಲಿ ದಾನಿಯೇಲನೇ ಹೇಳಿದ್ದಾನೆ. ಬೈಬಲಿನ ಮೂಲಪದಗಳಿಗೆ ಸಂಖ್ಯೆ ಕೊಡುವ ಸ್ಟ್ರಾಂಗ್ಸ್ ಸೂಚಿ ಬಳಸುವವರಿಗೆ ಒಂದು ಎಚ್ಚರಿಕೆ: ರಾಝ್ 7328. ಪಕ್ಕದ 7329 "ಸೊರಗು" ಎಂಬರ್ಥದ ಹೀಬ್ರೂ ಧಾತು. ಎರಡಕ್ಕೂ ಸಂಬಂಧವಿಲ್ಲ, ಅಕ್ಷರ ಒಂದೇ ಥರ ಕಾಣುತ್ತದೆ ಅಷ್ಟೆ. ಯೆಶಾಯ 24:16ರಲ್ಲಿ ಇದೇ ಗೊಂದಲದಿಂದ ಕೆಲವು ಅನುವಾದಗಳು "ಸೊರಗಿದೆ" ಎಂದರೆ, ಲ್ಯಾಟಿನ್ ಬೈಬಲಾದ ವಲ್ಗೇಟ್ "ನನ್ನ ಗುಟ್ಟು ನನಗೆ" ಎಂದಿತು.

ಮುಂದೆಯೂ ಈ ಪದದ ಸ್ವಭಾವ ಬದಲಾಗಲಿಲ್ಲ. 1947ರಲ್ಲಿ ಮೃತ ಸಮುದ್ರದ ದಡದ ಕುಮ್ರಾನ್ ಬಳಿ ಸಿಕ್ಕ ಸುರುಳಿಗಳಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ವ್ಯಾಖ್ಯಾನವಿದೆ; ಪ್ರವಾದಿಗಳ ಮಾತುಗಳ ರಾಝ್‌ಗಳನ್ನೆಲ್ಲ ದೇವರು ಆ ಪಂಥದ ಗುರುವಾದ ನೀತಿಬೋಧಕನಿಗೆ ತಿಳಿಸಿದ ಎಂದು ಅದರ 7ನೇ ಅಂಕಣ ಹೇಳುತ್ತದೆ. ಗ್ರೀಕ್ ಅನುವಾದಕರು ರಾಝ್‌ಗೆ ಮಿಸ್ಟೇರಿಯೊನ್ ಎಂದರು. ಕೊಲೊಸ್ಸೆಯವರಿಗೆ 1:26ರಲ್ಲಿ ಪೌಲ ಅದೇ ಪದ ಬಳಸಿ, ಯುಗಯುಗಗಳಿಂದ ಮರೆಯಾಗಿದ್ದದ್ದು ಈಗ ಬಯಲಾಗಿದೆ ಎಂದು ಬರೆದ. ಸಿರಿಯಾಕ್ (ಅರಾಮಿಕ್‌ನ ಒಂದು ರೂಪ) ಬೈಬಲ್‌ನಲ್ಲಿ ಅದೇ ರಾಝಾ. ಕೇರಳ ಮೂಲದ ಸಿರೋ ಮಲಬಾರ್ ಕ್ಯಾಥೋಲಿಕ್ ಸಭೆಯ ಅತ್ಯಂತ ವೈಭವದ ಬಲಿಪೂಜೆಗೂ ಆ ಹೆಸರೇ; ಬೆಳ್ತಂಗಡಿ, ಭದ್ರಾವತಿ ಧರ್ಮಪ್ರಾಂತ್ಯಗಳವರಿಗೆ ಪರಿಚಿತ ಪದ.

ಪ್ರಸಂಗ ಮಾಡುವ ಗೆಳೆಯರಲ್ಲಿ ಒಂದು ಕೋರಿಕೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಯಾರೂ ಬೇಸರಪಡುವುದಿಲ್ಲ. ದಾನಿಯೇಲ 2ನ್ನು ತೆಗೆಯುವುದೇ ಆದರೆ 11ನೇ ವಚನವನ್ನೂ 28ನೇ ವಚನವನ್ನೂ ಒಂದರ ಹಿಂದೆ ಒಂದು ಜೋರಾಗಿ ಓದಿ, ಯಾವುದು ಯಾರ ಮಾತು ಎಂದು ಸಭೆಗೆ ಹೇಳಿ.