ದೆಹಲಿ ಹತ್ತಿರ, ಬನಶಂಕರಿ ದೂರ

"ವಿಮಾನದಲ್ಲಿ ಎರಡೂಮುಕ್ಕಾಲು ಗಂಟೆ ಅಷ್ಟೇ ಅಲ್ವಾ, ಗೌರಿ ಹಬ್ಬಕ್ಕೆ ಬಂದು ಹೋಗೋಕೇನು ಕಷ್ಟ?" ಅಂತ ಚಿಕ್ಕಮ್ಮ ಫೋನಿನಲ್ಲಿ ಕೇಳಿದರು. ಪ್ರೀತಿಯಿಂದ ಕೇಳಿದ್ದೇ. ಆದರೂ ಚುಚ್ಚಿತು.

ಅವರ ಲೆಕ್ಕ ತಪ್ಪಲ್ಲ. ದೆಹಲಿ, ಬೆಂಗಳೂರು ಏರ್‌ಪೋರ್ಟ್‌ಗಳ ನಡುವೆ ನೇರವಾಗಿ ಅಳೆದರೆ ಸುಮಾರು 1,700 ಕಿಲೋಮೀಟರ್. ಟಿಕೆಟ್‌ನಲ್ಲಿರುವ ಹೊತ್ತಿನಲ್ಲಿ ವಿಮಾನ ನೆಲದ ಮೇಲೆ ಓಡಾಡುವುದೂ ಸೇರಿರುತ್ತದೆ, ಹಾರುವುದು ಅದಕ್ಕಿಂತ ಕಮ್ಮಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಬರುತ್ತಿದ್ದವರಿಗೆ ಇದು ದೊಡ್ಡ ಅನುಕೂಲವೇ. ಆದರೆ ಹಬ್ಬ ನಡೆಯುವುದು ಬನಶಂಕರಿಯ ಮನೆಯಲ್ಲಿ, ದೇವನಹಳ್ಳಿಯಲ್ಲಲ್ಲ.

ದೆಹಲಿ ಏರ್‌ಪೋರ್ಟಿನ ಮೂರನೇ ಟರ್ಮಿನಲ್, ಅಂದರೆ ಟಿ-3, ಶುರುವಾದದ್ದು 2010ರಲ್ಲಿ. ಮರುವರ್ಷ ಫೆಬ್ರುವರಿಗೆ ಅಲ್ಲಿಗೆ ಮೆಟ್ರೋ ಬಂತು. ನವದೆಹಲಿ ಸ್ಟೇಷನ್‌ನಲ್ಲಿ ಹತ್ತಿದರೆ ಸುಮಾರು ಇಪ್ಪತ್ತು ನಿಮಿಷ. ಹೊರಗೆ ಮಳೆಯಿರಲಿ, ಮದುವೆಯ ಬಾರಾತ್ ರಸ್ತೆ ತುಂಬಿರಲಿ, ಇಪ್ಪತ್ತು ನಿಮಿಷ ಇಪ್ಪತ್ತೇ. ಸೂಟ್‌ಕೇಸು ಮೊಣಕಾಲಿಗೆ ಒತ್ತಿಕೊಂಡು ನಿಶ್ಚಿಂತೆಯಾಗಿ ಕೂರಬಹುದು.

ನಮ್ಮ ಊರಲ್ಲಿ? ಏರ್‌ಪೋರ್ಟು 2008ರಲ್ಲೇ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ಮನೆಗೆ ನಲವತ್ತು ಕಿಲೋಮೀಟರಿಗೂ ಜಾಸ್ತಿ. ಇಳಿದ ತಕ್ಷಣ ಅಮ್ಮನಿಗೆ ಫೋನ್ ಮಾಡಿದರೆ ಒಂದೇ ಮಾತು: "ಹೆಬ್ಬಾಳ ದಾಟಿದ್ಮೇಲೆ ಮಾಡು, ಆಗ ಅನ್ನಕ್ಕಿಡ್ತೀನಿ." ಬಸ್ಸಿನಲ್ಲಿ ಪಕ್ಕದವರೂ ಮನೆಯವರಿಗೆ ಹೆಬ್ಬಾಳದ ಸುದ್ದಿಯನ್ನೇ ಹೇಳುತ್ತಿರುತ್ತಾರೆ. ಫ್ಲೈಓವರ್ ಮೇಲೆ ಕೆಂಪು ದೀಪಗಳ ಸಾಲು, ಪಕ್ಕದಲ್ಲಿ ಒಬ್ಬ ಡೆಲಿವರಿ ಹುಡುಗ ಬೈಕ್ ಆಫ್ ಮಾಡಿ, ಕಾಲೂರಿ ನಿಂತಿರುತ್ತಾನೆ. ಸಂಜೆ ಇಳಿದರೆ ಮನೆ ಸೇರಲು ಎರಡು ಗಂಟೆ, ಮಳೆ ಬಂದರೆ ಹೇಳೋದೇ ಬೇಡ.

ನನಗೆ ಸಿಟ್ಟು ಬರುವುದು ಟ್ರಾಫಿಕ್ ಮೇಲಲ್ಲ, ನಮ್ಮವರ ತಾಳ್ಮೆಯ ಮೇಲೆ. ಫ್ಲೈಟ್‌ಗೆ ಐದು ಗಂಟೆ ಮುಂಚೆ ಮನೆ ಬಿಡುತ್ತಾರೆ. "ಬೆಂಗಳೂರು ಅಂದ್ರೆ ಹಾಗೇನೇ" ಅಂತಾರೆ. ಯಾಕೆ ಹಾಗೇನೇ? ದೂರದಲ್ಲಿ ಏರ್‌ಪೋರ್ಟ್ ಕಟ್ಟುವಾಗಲೇ ಹಳಿಯನ್ನೂ ಹಾಕಬೇಕಿತ್ತು. ಇಷ್ಟು ವರ್ಷ ಕೇಳದೆ ಸುಮ್ನೆ ಕೂತದ್ದು ನಮ್ಮ ಒಳ್ಳೆಯತನವಲ್ಲ.

ದೆಹಲಿಯದ್ದೂ ಸಲೀಸಾಗಿ ಆದದ್ದಲ್ಲ, ಒಪ್ಪುತ್ತೇನೆ. ದೋಷ ಕಂಡು 2012ರ ಜುಲೈನಲ್ಲಿ ಆ ಲೈನ್ ನಿಂತೇ ಹೋಗಿತ್ತು, ಮತ್ತೆ ಓಡಿದ್ದು ಮುಂದಿನ ಜನವರಿಯಲ್ಲಿ. ಚಳಿಗಾಲದ ಮಂಜಿಗೆ ವಿಮಾನವೇ ಏಳದಿದ್ದರೆ ಮೆಟ್ರೋ ಏನು ಮಾಡೀತು! ನಮ್ಮ ವಾಯು ವಜ್ರ ಬಸ್ಸುಗಳೂ ಒಳ್ಳೆಯವೇ, ಅಪರಾತ್ರಿಯಲ್ಲೂ ಸಿಗುತ್ತವೆ. ಮೈಸೂರಿನವರಿಗಂತೂ ಏರ್‌ಪೋರ್ಟ್ ಬಾಗಿಲಿನಿಂದಲೇ ಫ್ಲೈಬಸ್ ಇದೆ. ದೆಹಲಿಯಲ್ಲಿ ಮಧ್ಯರಾತ್ರಿ ಇಳಿದರೆ ಮೆಟ್ರೋ ಇರುವುದಿಲ್ಲ, ಟ್ಯಾಕ್ಸಿಯೇ ಗತಿ.

ಈಗ ಬೆಂಗಳೂರಲ್ಲೂ ಮೆಟ್ರೋದ ನೀಲಿ ಮಾರ್ಗ ಕಟ್ಟುತ್ತಿದ್ದಾರೆ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳ ಸುತ್ತಿ ಏರ್‌ಪೋರ್ಟಿಗೆ. ಬನಶಂಕರಿಯವರು ಆರ್.ವಿ. ರಸ್ತೆಯಲ್ಲಿ ಹಳದಿಗೆ, ಸಿಲ್ಕ್ ಬೋರ್ಡ್‌ನಲ್ಲಿ ನೀಲಿಗೆ ಬದಲಾಯಿಸಬೇಕು. ಸುತ್ತು ಜಾಸ್ತಿಯಾದರೂ ಪರವಾಗಿಲ್ಲ. ಬೆಳಗಿನ ಜಾವದ ಫ್ಲೈಟ್ ಹಿಡಿಯುವವರಿಗಾಗಿ ಮೂರು ಗಂಟೆಯಿಂದಲೇ ರೈಲು ಬಿಡಲಿ, ಅದನ್ನು ಈಗಲೇ ಕೇಳಿ ಒಪ್ಪಿಸಿಕೊಳ್ಳೋಣ.