ಕೋಡ್ ಬೇಡದ ಕೆಲಸಕ್ಕೆ ಕೋಡ್ ಪರೀಕ್ಷೆ

ಲೋ-ಕೋಡ್, ಅಂದರೆ ಕೋಡ್ ಅಷ್ಟಾಗಿ ಬರೆಯದೆ ಆಪ್ ಕಟ್ಟುವ ಸಾಧನ, ಅದನ್ನು ಮಾರುವವರ ಮಾತು ಕೇಳಬೇಕು ನೀವು. ಪರದೆ ಮೇಲೆ ನಾಲ್ಕು ಡಬ್ಬ ಎಳೆದು ಬಿಡಿ, ಗೆರೆ ಜೋಡಿಸಿ, ಆಪ್ ರೆಡಿ, ವಾರ್ಡಿನ ನರ್ಸ್ ಕೂಡ ಊಟದ ಬಿಡುವಿನಲ್ಲಿ ಒಂದು ಕಟ್ಟಬಹುದು, ಪ್ರೋಗ್ರಾಮರ್ ಸಂಬಳ ಪೂರ್ತಿ ಉಳಿತಾಯ! ಹಾಗೆ ಕಟ್ಟುವವರಿಗೆ 'ಸಿಟಿಜನ್ ಡೆವಲಪರ್' ಅಂತ ಬಿರುದೂ ಉಂಟು. ಇದನ್ನು ನಂಬಿ ಲೈಸೆನ್ಸಿಗೆ ದುಡ್ಡು ಸುರಿದ, ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಹೆಲ್ತ್‌ಟೆಕ್ ಕಂಪನಿಗಳು ಈಗ ಬೆಂಗಳೂರಿನಲ್ಲಿ ಸೀನಿಯರ್ ಲೋ-ಕೋಡ್ ಪ್ಲಾಟ್‌ಫಾರ್ಮ್ ಎಂಜಿನಿಯರ್ ಹುಡುಕುತ್ತಿವೆ.

ಏನೇನು ಗೊತ್ತಿರಬೇಕು? ಮೈಕ್ರೋಸಾಫ್ಟಿನ ಲೋ-ಕೋಡ್ ಸಾಧನ ಪವರ್ ಆಪ್ಸ್, ಸರಿ. ಜೊತೆಗೆ ಕೈಯಾರೆ ಕೋಡ್ ಬರೆಯುವವರ ಜಾವಾ, ಸಿ ಶಾರ್ಪ್, ರಿಯಾಕ್ಟ್, ಎಸ್‌ಕ್ಯೂಎಲ್, ಕುಬರ್ನೆಟಿಸ್. ಅಮೆರಿಕದ ಆಸ್ಪತ್ರೆಗಳ ಕೆಲಸ ಅಲ್ವಾ, ರೋಗಿಗಳ ಮಾಹಿತಿ ಗುಟ್ಟಾಗಿಡಲು ಹೇಳುವ ಅಲ್ಲಿನ 1996ರ ಹಿಪಾ ಕಾನೂನು ಬಾಯಿಪಾಠ ಆಗಿರಬೇಕು. ಪವರ್ ಆಪ್ಸ್‌ನಲ್ಲೇ ಅನುಭವ 15 ವರ್ಷ. ಪವರ್ ಆಪ್ಸ್ ಎಲ್ಲರ ಕೈಗೆ ಸಿಕ್ಕಿದ್ದೇ 2016ರಲ್ಲಿ. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ, ಇವರಿಗೆ ಆ ಕೂಸನ್ನು ಎತ್ತಿ ಆಡಿಸಿದವರೇ ಬೇಕಂತೆ.

ಇಷ್ಟಕ್ಕೂ ಕೋಡ್ ಯಾಕೆ ಬೇಕಾಯಿತು ಅಂದರೆ, ಲ್ಯಾಬಿನ ಸಾಫ್ಟ್‌ವೇರ್ ಇವತ್ತಿಗೂ ಆಸ್ಪತ್ರೆ ಸಾಫ್ಟ್‌ವೇರುಗಳು ಮಾಹಿತಿ ಹಂಚಿಕೊಳ್ಳುವ ಎಂಬತ್ತರ ದಶಕದ ಎಚ್‌ಎಲ್7 ಶೈಲಿಯಲ್ಲೇ, ಸಾಲು ಸಾಲು ನಿಂತ ಗೆರೆಗಳ (|) ನಡುವೆ ರಕ್ತದ ವರದಿ ತುರುಕಿ ಕಳಿಸುತ್ತದೆ. ಹೊಸ ಆಪ್ ಕೇಳುವುದು ಅದೇ ಮಾಹಿತಿಯನ್ನು ವೆಬ್‌ಗೆ ಒಗ್ಗುವಂತೆ ಕೊಡುವ ಫೈರ್ (FHIR) ಮಾದರಿ. ನಡುವೆ ಜೋಡಿಸಲು ರೆಡಿಮೇಡ್ ಡಬ್ಬ ಇದೆ ಅಂತಾರೆ. ಇದೆ, ಇಲ್ಲ ಅನ್ನಲ್ಲ. ಆದರೆ ಒಂದೊಂದು ಆಸ್ಪತ್ರೆಯೂ ತನಗೆ ತೋಚಿದ ಜಾಗದಲ್ಲಿ ತನಗೆ ತೋಚಿದ್ದು ತುಂಬಿರುತ್ತದೆ. ಅದನ್ನು ಬಿಡಿಸೋಕೆ ಯಾರಾದರೂ ಕೂತು ಕೋಡ್ ಬರೀಲೇಬೇಕು. ಇನ್ನು ಆ ಸಿಟಿಜನ್ ಡೆವಲಪರ್ ಕೆಲಸ ಬಿಟ್ಟು ಹೋದ ಮೇಲೆ ಉಳಿದ ಆಪ್ ಇದೆಯಲ್ಲ, ಅದು ಬೇರೆ ಕಥೆ. ಒಳಗೆ ನೋಡಿದರೆ 'ಸ್ಕ್ರೀನ್ 1', 'ಬಟನ್ 27', 'ಕಾಪಿ ಆಫ್ ಕಾಪಿ ಫೈನಲ್'. ಯಾವ ಬಟನ್ ಯಾವ ರೋಗಿಯ ಡಿಸ್ಚಾರ್ಜ್ ತಡೆದು ನಿಲ್ಲಿಸಿದೆಯೋ ದೇವರೇ ಬಲ್ಲ.

ಇಂಟರ್‌ವ್ಯೂನಲ್ಲಿ ಇದರ ಬಗ್ಗೆ ಒಂದಾದರೂ ಪ್ರಶ್ನೆ? ಊಹೂಂ. ಕೇಳುವುದು ಕೋಡ್ ಬರೆಯುವವರ ಮಾಮೂಲಿ ಒಗಟು: ಬೈನರಿ ಟ್ರೀ ತಿರುಗಿಸಿ ತೋರಿಸಬೇಕು. ಲಿಂಕ್ಡ್ ಲಿಸ್ಟ್ ಹಿಂದುಮುಂದು ಮಾಡಬೇಕು. ಅದೂ ಕ್ಯಾಮೆರಾ ಎದುರು, ಖಾಲಿ ಎಡಿಟರ್‌ನಲ್ಲಿ. ಎಳೆಯೋಕೆ ಅಲ್ಲಿ ಒಂದು ಡಬ್ಬವೂ ಕೊಡಲ್ಲ.

ಇಷ್ಟೆಲ್ಲ ದಾಟಿದ ಮೇಲೆ ಎಚ್‌ಆರ್ ಫೋನು. ನಾಳೆಯೇ ಸೇರುತ್ತೀರಾ? ಈಗಿನ ಕಂಪನಿ 90 ದಿನ ಬಿಡಲ್ಲ ಅಂದರೆ, ಛೇ, ಅಷ್ಟೊಂದಾ ಅಂತ ಬೇಸರ. ಆಮೇಲೆ ಅವರೇ ಕಳಿಸಿದ ಆಫರ್ ಲೆಟರ್ ಬಿಡಿಸಿ ನೋಡಿ: ನೋಟಿಸ್ ಅವಧಿ, 90 ದಿನ.